ಎಂಟನೇ ಕಿಲೋಮೀಟರ್

ಪಶು ಇಲಾಖೆ ಲಿಲಾವಿನ್ಯಾಗ ನಾವು ಹಿಡದ ಮೆಟಡೋರು.
ಬಾಗಲದ ಮ್ಯಾಲಿನ ಆಕಳಾ ಮಾಸಿ
ಕೊಂಬು, ಒಂದು ಕಣ್ಣು ಅಷ್ಟ ಉಳದಾವ.
ಒಳಗ ಈಗ ಎರಡು ಹಾಸಗಿ, ಗ್ಯಾಸಿನ ಒಲಿ,
ನೀರಿನ ಟಾಕಿ, ಖಣದ ಪರದೆ,
ನನ್ನ ಪುಸ್ತಕದ ಟ್ರಂಕು,
ಮತ್ತ ನೆಗೆಣ್ಣಿ ಚಂಪಕ್ಕನ ಒರಳಕಲ್ಲು.

ಅಣ್ಣತಮ್ಮಂದಿರು ನಡುವ ಗ್ವಾಡಿ ಕಟಕೊಂಡು
ಹನ್ನೆರಡು ವರ್ಷಾತು.
ಗ್ವಾಡಿ ಎಲ್ಲಿ ಬರಬೇಕಂತ
ನಮ್ಮಿಬ್ಬರನ್ನ ಯಾರೂ ಕೇಳಿರಲಿಲ್ಲ.

ವಂಟಮುರಿ ಘಾಟಿನ್ಯಾಗ ಹಿಂದ ಏನೋ ನರಳಿತು.
ನಾನು ಗೇರ್ ಇಳಿಸಿದೆ. ಚಂಪಕ್ಕ ತಾನ ಇಳದ್ಲು,
ಗಾಡಿ ಜೋಡಿ ನಡಕೊಂತ ಬಂದ್ಲು.
ಸ್ವಲ್ಪ ಹೊತ್ತಿಗೆ ಆಕಿ ಮುಂದಿದ್ಲು.

ಬೆಳಗಾವಿ ಆಟೋನಗರ. ತೂಕದ ಕಾಟಾದ ಮ್ಯಾಲೆ
ಬರೇ ಹಿಂದಿನ ಗಾಲಿ ನಿಲ್ಲಿಸಿ ತೂಗಿದ್ರು.
ಚೀಟಿನ್ಯಾಗ ಸಾವಿರದ ಒಂಬೈನೂರ ನಲವತ್ತು.
ಆಕ್ಸಲ್ ತಡಿಯೂದು ಸಾವಿರದ ಆರನೂರು.
"ಏನರೆ ಇಳಿಸೂಣೇನು" ಅಂದೆ, ಕಲ್ಲಿನ ಕಡೆ ನೋಡಲಾರದ.
ಚಂಪಕ್ಕ ನನ್ನ ಟ್ರಂಕಿನ ಕಡೆ ನೋಡಲಿಲ್ಲ.
ಹಿಂಗ ಇಬ್ಬರೂ ಭಾಳ ಹೊತ್ತು ಏನೂ ನೋಡದ ನಿಂತ್ವಿ.

ಮೌಲಾಲಿ ಮಿಸ್ತ್ರಿ ಅಂಗಾತ ಮಲಗಿ ಗಾಡಿ ಬುಡಕ ಸರದು
ಅಲ್ಲಿಂದನ ಮಾತಾಡಿದ:
"ಮನಿ ಯಾಕ ಸಣ್ಣದ ಮಾಡ್ತೀರಿ ಅಕ್ಕಾರ,
ಸೊಂಟಾ ದೊಡ್ಡದ ಹಾಕೂಣು."

ಗುಜರಿಯೊಳಗ ಸಿಕ್ತು.
ಖಾನಾಪುರ ಕಡೆ ಹಾಲು ಹೊರತಿದ್ದ ದೊಡ್ಡ ಟೆಂಪೋದ್ದು.
ಬಾಗಲದ ಮ್ಯಾಲಿನ ಆ ಒಂದು ಕಣ್ಣು
ಅದನ್ನ ಇಳಸೂದು ನೋಡ್ತಿತ್ತು.

ಹನ್ನೊಂದು ದಿನ ನಮ್ಮ ಮನಿ
ನಾಕು ಜಾಲಿ ಕೊರಡಿನ ಮ್ಯಾಲೆ ನಿಂತಿತ್ತು.
ಒಬ್ಬಾಕಿ ಮಗ್ಗಲಾ ಬದಲಿಸಿದ್ರ ಇನ್ನೊಬ್ಬಾಕಿಗೆ ಎಚ್ಚರ.
ಕೆಳಗಿಂದ ಹುಡುಗುರು ಒದರತಿದ್ರು,
"ಒಗ್ಗರಣಿ ಸಾವಕಾಶ ಹಾಕ್ರಿ, ಮಿಸ್ತ್ರಿ ಒಳಗದಾನ."
ಉದ್ಯಮಬಾಗದ ಲೇಥಿನ್ಯಾಗ ಶಾಫ್ಟು ಎರಡು ಇಂಚು ಗಿಡ್ಡಾತು.
ಕಮಾನಿಗೆ ಎರಡು ಪಟ್ಟಿ ಹೆಚ್ಚಾದ್ವು.
ಬ್ರೇಕಿನ ಡ್ರಮ್ಮು ಹೋಳಿಗಿ ಹಂಚಿನಷ್ಟು ಅಗಲ.
ಆರ್‌ಟಿಓ ಸಾಹೇಬ್ರು ಒಳಗ ಬಗ್ಗಿ ನೋಡಿ
"ಕಲ್ಲು ಯಾಕ?" ಅಂದ್ರು.
ಚಂಪಕ್ಕ ಶೇಂಗಾ ಚಟ್ನಿ ಕೊಟ್ಲು. ಸಹಿ ಆತು.

ಈಗ ಮುಂದಿನ ಗಾಲಿಗೆ ಐದು ಬೋಲ್ಟು, ಹಿಂದಿನದಕ್ಕ ಆರು.
ಇದರದು ಅದಕ್ಕ ಕೂಡೂದಿಲ್ಲ.
ಸ್ಟೆಪ್ನಿ ಎರಡು ಹೊರಬೇಕು.
"ಒಂದ ಮನಿಗೆ ಎರಡು ಅಳತಿ," ನಕ್ಕಳು ಚಂಪಕ್ಕ,
"ನಮಗೇನು ಹೊಸಾದಲ್ಲ ತಗೋ ನೀಲಾ."

ಮತ್ತ ಆ ಹಲ್ಲಿನ ಲೆಕ್ಕ.
ಹಳೇ ಪಿನಿಯನ್ನಿಗೆ ಎಂಟು ಹಲ್ಲು, ಇದಕ್ಕ ಏಳು.
ಎಳತಾ ಹೆಚ್ಚು, ಓಟ ಕಡಿಮಿ.
ಮುಳ್ಳಿಗೆ ಮಾತ್ರ ಯಾರೂ ಹೇಳಿಲ್ಲ:
ಅರವತ್ತು ತೋರಸ್ತೈತಿ, ಹೋಗೂದು ಐವತ್ತೆರಡು.
ಏಳು ಕಿಲೋಮೀಟರ್ ಹೋದ್ರ
ಮೀಟರು ಎಂಟು ಅಂತ ಬರಕೊಳ್ತೈತಿ.
"ರಿಪೇರಿ ಮಾಡ್ಲೇನು?" ಕೇಳಿದ ಮೌಲಾಲಿ, ಕೈಯಾಗಿನ ಎಣ್ಣಿ ಒರಸಿಕೊಂತ.

ಚಂಪಕ್ಕ ಮುಂದಿನ ಸೀಟಿನ್ಯಾಗ ಸೆರಗು ಸುತಗೊಂಡು ಕುಂತಿದ್ಲು.
"ಇರಲಿ ಬಿಡ್ರಿ.
ಒಲಿಯಿಂದ ಬಾವಿಗೆ, ಬಾವಿಯಿಂದ ಒಲಿಗೆ
ಮೂವತ್ತೊಂದು ವರ್ಷ ನಡದೇವಿ ಇಬ್ಬರೂ.
ಯಾವ ಮೀಟರಿನ್ಯಾಗೂ ಬಿದ್ದಿಲ್ಲದು.
ಆ ಎಂಟನೇದು ಅದರ ಬಾಕಿ ಅಂತ ತಿಳಕೊಳ್ರಿ."

ಮರುದಿನ ವಂಟಮುರಿ.
ಎರಡನೇ ಗೇರಿನ್ಯಾಗ, ಸಾವಕಾಶ, ನರಳಲಾರದ.
ಹಿಂದ ಒರಳಕಲ್ಲು ತನ್ನ ಜಾಗಾ ಬಿಟ್ಟು ಕದಲಲಿಲ್ಲ.
ಲಾರಿಯವ ಒಬ್ಬಾಂವ ಹಾರನ್ ಹೊಡದು
ಬೈಕೊಂತ ಮುಂದ ಹೋದ.
ಚಂಪಕ್ಕ ಕಿಡಕಿಯಿಂದ ಕೈ ಹೊರಗ ಹಾಕಿ
ಹೋಗಪಾ, ಹೋಗು, ಅಂದ್ಲು.
ಆಕಿ ಈ ಸಲ ಇಳಿಯಲಿಲ್ಲ.